ಹೊಸದಕ್ಕೆ ಸಬ್ಸಿಡಿ ಉಂಟು, ಇರುವುದಕ್ಕೆ ಎಂಥದ್ದುಂಟು? ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಗೆ,
ಉಡುಪಿ ಜಿಲ್ಲಾ ಉಸ್ತುವಾರಿ ಸಚಿವರು
ಪ್ರತಿ: ಜಿಲ್ಲಾಧಿಕಾರಿಗಳು, ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರು ಹಾಗೂ ಲೀಡ್ ಬ್ಯಾಂಕಿನ ಜಿಲ್ಲಾ ವ್ಯವಸ್ಥಾಪಕರು

ಮಾನ್ಯರೇ,

ಉಡುಪಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು, ಸಾಲದ ಅರ್ಜಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕಸುಬು. ನನ್ನ ಕಚೇರಿಗೆ ಬರುವವರಲ್ಲಿ ಮಲ್ಪೆಯ ಐಸ್ ವ್ಯಾಪಾರಿಗಳಿದ್ದಾರೆ, ಬಲೆ, ಹಗ್ಗ ಮಾರುವವರಿದ್ದಾರೆ, ಮಣಿಪಾಲದ ಜೆರಾಕ್ಸ್ ಅಂಗಡಿಯವರು, ಸಂತೆಕಟ್ಟೆಯ ವೆಲ್ಡಿಂಗ್ ಶಾಪಿನವರು, ಕಟಪಾಡಿಯ ಬೇಕರಿಯವರು, ಒಂದಿಬ್ಬರು ಅಡುಗೆ ಭಟ್ಟರು ಇದ್ದಾರೆ. ಇಬ್ಬರಿಂದ ಹಿಡಿದು ಹತ್ತು ಹನ್ನೆರಡು ಜನರವರೆಗೆ ಸಂಬಳ ಕೊಡುವವರು ಇವರು. ಬಂಡವಾಳ ಹೂಡಿಕೆದಾರರ ಸಮಾವೇಶಕ್ಕೆ ಇವರನ್ನು ಯಾರೂ ಕರೆಯುವುದಿಲ್ಲ, ಉದ್ಯೋಗ ಮೇಳದಲ್ಲಿ ಇವರ ಸ್ಟಾಲ್ ಇರುವುದಿಲ್ಲ. ಆದರೆ ಜಿಲ್ಲೆಯಲ್ಲಿ ಪಿಯುಸಿ ಫೇಲಾದ ಹುಡುಗನಿಗೂ, ಗಂಡ ತೀರಿಕೊಂಡ ಹೆಂಗಸಿಗೂ ನಾಳೆ ಬೆಳಿಗ್ಗೆಯೇ ಕೆಲಸ ಸಿಗುವುದಾದರೆ ಇಂಥ ಜಾಗದಲ್ಲೇ.

ಯೋಜನೆಗಳಿಲ್ಲ ಎಂದು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಯೋಜನೆಗಳು ಬೇಕಾದಷ್ಟಿವೆ. ಹೊಸ ಘಟಕಕ್ಕೆ ಸಬ್ಸಿಡಿ ಸಾಲ ಕೊಡುವ ಕೇಂದ್ರದ ಪಿಎಂಇಜಿಪಿ ಉಂಟು, ಸಣ್ಣ ಸಾಲದ ಮುದ್ರಾ ಉಂಟು, ಕುಶಲಕರ್ಮಿಗಳಿಗೆ ವಿಶ್ವಕರ್ಮ ಉಂಟು, ಹೆಂಗಸರಿಗೆ ಉದ್ಯೋಗಿನಿ ಉಂಟು, ಕಿರು ಆಹಾರ ಸಂಸ್ಕರಣೆಗೆ ಬೇರೆಯೇ ಉಂಟು. ರಾಜ್ಯದ 2025-30ರ ಕೈಗಾರಿಕಾ ನೀತಿ 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ನನ್ನ ತಕರಾರು ಒಂದೇ. ಈ ಯೋಜನೆಗಳಲ್ಲಿ ಹೆಚ್ಚಿನವು ಘಟಕ ಹುಟ್ಟುವುದನ್ನು ಎಣಿಸುತ್ತವೆ, ಹುಟ್ಟಿದ್ದು ಉಳಿಯಿತೇ ಎಂದು ನೋಡುವುದಿಲ್ಲ. ಆಗಲೇ ನಡೆಯುತ್ತಿರುವ, ಆಗಲೇ ನಾಲ್ಕು ಜನರಿಗೆ ಅನ್ನ ಕೊಡುತ್ತಿರುವ ಅಂಗಡಿ ಸರ್ಕಾರದ ಪಾಲಿಗೆ ಲೆಕ್ಕಕ್ಕೇ ಇಲ್ಲ.

ಪಿಎಂಇಜಿಪಿಯನ್ನೇ ತೆಗೆದುಕೊಳ್ಳಿ. 2008ರಲ್ಲಿ ಹಿಂದಿನ ಎರಡು ಯೋಜನೆಗಳನ್ನು ಸೇರಿಸಿ ಶುರು ಮಾಡಿದ್ದು. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಬ್ಯಾಂಕ್ ಸಾಲ, ಅದಕ್ಕೆ ಶೇ. 15ರಿಂದ 35ರವರೆಗೆ ಸಬ್ಸಿಡಿ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಘಟಕ ಹೊಸತಾಗಿರಬೇಕು. ಸಂತೆಕಟ್ಟೆಯ ನನ್ನ ವೆಲ್ಡಿಂಗ್ ಗಿರಾಕಿ ಹತ್ತಾರು ವರ್ಷದಿಂದ ಗೇಟು, ಗ್ರಿಲ್, ಶೀಟ್ ಮಾಡಿನ ಕೆಲಸ ಮಾಡಿಕೊಂಡು ಬಂದವರು. ಒಂದು ದೊಡ್ಡ ಬೆಂಡಿಂಗ್ ಮೆಶಿನ್ ಹಾಕಿದರೆ ಇನ್ನಿಬ್ಬರು ಹುಡುಗರಿಗೆ ಕೆಲಸ ಕೊಡಬಹುದು. ಅವರಿಗೆ ಈ ಸಬ್ಸಿಡಿ ಇಲ್ಲ. ಹಿಂದೆ ಪಿಎಂಇಜಿಪಿ ಅಥವಾ ಮುದ್ರಾ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗಾದರೆ ವಿಸ್ತರಣೆಗೆ ಎರಡನೇ ಸಾಲ ಉಂಟು. ಇವರು ಯಾವ ಸಾಲವನ್ನೂ ತೆಗೆಯದೆ ಹೆಂಡತಿಯ ಬಳೆ ಮಾರಿ ಶಾಪ್ ಕಟ್ಟಿದವರು. ಹಾಗಾಗಿ ಎರಡನೆಯದಕ್ಕೂ ಅರ್ಹರಲ್ಲ. ಸ್ವಂತ ಕಾಲ ಮೇಲೆ ನಿಂತವನಿಗೆ ಶಿಕ್ಷೆ ಕೊಡುವ ನಿಯಮ ಇದು ಎಂದು ನಾನು ಹೇಳಿದರೆ ತಾವು ಬೇಸರ ಮಾಡಿಕೊಳ್ಳಬಾರದು.

ಇದರಿಂದ ಆಗುವುದೇನೆಂದು ಜಿಲ್ಲಾ ಕಚೇರಿಗಳಿಗೂ ಗೊತ್ತು. ‘ಹೆಂಡತಿ ಹೆಸರಲ್ಲಿ ಹೊಸತು ಅಂತ ತೋರಿಸಿ’ ಎನ್ನುವ ಸಲಹೆ ಪೇಟೆಯಲ್ಲಿ ಧಾರಾಳ ಸಿಗುತ್ತದೆ. ಬೋರ್ಡು ಬದಲಾಗುತ್ತದೆ, ಜಾಗ ಅದೇ, ಕೆಲಸದವರು ಅವರೇ. ಕಡತದಲ್ಲಿ ಮಾತ್ರ ಒಂದು ಹೊಸ ಘಟಕ, ಐದು ಹೊಸ ಉದ್ಯೋಗ. ಇಂಥ ಅರ್ಜಿ ಬರೆದುಕೊಡಿ ಎಂದು ನನ್ನಲ್ಲೂ ಕೇಳುತ್ತಾರೆ. ನಾನು ಬರೆಯುವುದಿಲ್ಲ. ಬರೆದುಕೊಡುವವರಿಗೇನೂ ಊರಲ್ಲಿ ಬರಗಾಲವಿಲ್ಲ.

ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಈ ವಿಷಯದಲ್ಲಿ ಬೇರೆ ಎಂಬುದನ್ನು ಹೇಳಲೇಬೇಕು. ಅದು ಇರುವ ಘಟಕವನ್ನು ಮೇಲೆತ್ತುವುದಕ್ಕೂ ದುಡ್ಡು ಕೊಡುತ್ತದೆ. ಕೇಂದ್ರದ್ದು ಶೇ. 35, ಗರಿಷ್ಠ 10 ಲಕ್ಷ. ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇ. 15 ಸೇರಿಸಿ ಒಟ್ಟು ಅರ್ಧಕ್ಕೆ ಅರ್ಧ ಮಾಡಿತು, ಗರಿಷ್ಠ 15 ಲಕ್ಷ. ನಮ್ಮ ಜಿಲ್ಲೆಗೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂದು ಆರಿಸಿದ್ದು ಸಮುದ್ರೋತ್ಪನ್ನ. ಅಲ್ಲಿಯವರೆಗೆ ಸರಿ. ಆದರೆ ಮಲ್ಪೆಯಲ್ಲಿ ಒಣಮೀನು ಮಾಡುವ ಹೆಂಗಸರು ಬ್ಯಾಂಕಿಗೆ ಹೋದಾಗ ಕಥೆ ಬೇರೆ. ಸಬ್ಸಿಡಿ ಸಿಗಬೇಕಾದರೆ ಮೊದಲು ಬ್ಯಾಂಕು ಸಾಲ ಕೊಡಬೇಕು. ಬ್ಯಾಂಕು ಸಿಬಿಲ್, ಅಂದರೆ ಹಳೇ ಸಾಲಗಳ ದಾಖಲೆ ನೋಡುತ್ತದೆ. ನಮ್ಮ ಹೆಂಗಸರ ಹೆಸರಲ್ಲಿ ಸಂಘದ ಸಾಲ, ಮೈಕ್ರೋಫೈನಾನ್ಸಿನ ಸಾಲ, ಮಗಳ ಮದುವೆಗೆ ತೆಗೆದ ಚಿನ್ನದ ಸಾಲ, ಎಲ್ಲವೂ ಒಟ್ಟಿಗೆ ಕಾಣುತ್ತದೆ. ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು, ಒಳ್ಳೆಯದಾಯಿತು. ಆದರೆ ಹೆಂಗಸರು ಮೈಕ್ರೋಫೈನಾನ್ಸಿಗೆ ಯಾಕೆ ಹೋದರು ಎಂದರೆ ಬ್ಯಾಂಕಿನಲ್ಲಿ ಸಿಗಲಿಲ್ಲ, ಅಷ್ಟೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಬೇಕು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲು ಈ ನಿಷೇಧ ಬೇಕು, ಅದರ ಬಗ್ಗೆ ಮಲ್ಪೆಯಲ್ಲಿ ಯಾರದ್ದೂ ಜಗಳವಿಲ್ಲ. ಬೋಟು ನಿಂತರೆ ಏನೇನು ನಿಲ್ಲುತ್ತದೆ ನೋಡಿ. ಐಸ್ ಪ್ಲಾಂಟ್ ನಿಲ್ಲುತ್ತದೆ. ಮೀನು ಹೊರುವ ಟೆಂಪೋ ನಿಲ್ಲುತ್ತದೆ. ಬಲೆಯ ಅಂಗಡಿಯಲ್ಲಿ ರಿಪೇರಿಯ ವ್ಯಾಪಾರ ಸ್ವಲ್ಪ ನಡೆಯುತ್ತದೆ, ಅದೂ ಸಾಲದ ಮೇಲೆ. ಬೋಟು ಕಟ್ಟುವ ದಕ್ಕೆಯ ಬಳಿಯ ಹೋಟೆಲಿನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಹಚ್ಚುತ್ತಿದ್ದ ಒಲೆ ಏಳಕ್ಕೆ ಹಚ್ಚುತ್ತಾರೆ. ಮೇಲಿಂದ ಮಳೆ, ಹಾಗಾಗಿ ಬೀಚಿನಲ್ಲೂ ಜನವಿಲ್ಲ. ನಮ್ಮ ಹಿರಿಯರು ಆಟಿ ತಿಂಗಳಿಗೆ, ಅಂದರೆ ಮಳೆಗಾಲದ ಕಷ್ಟದ ತುಳು ತಿಂಗಳಿಗೆ, ಹೆದರುತ್ತಿದ್ದದ್ದು ಸುಮ್ಮನೆ ಅಲ್ಲ. ಮಣಿಪಾಲದಲ್ಲಿ ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೊರಟರೆ ಜೆರಾಕ್ಸ್ ಅಂಗಡಿಯವನಿಗೂ ಅವನದ್ದೇ ಒಂದು ಆಟಿ.

ಬ್ಯಾಂಕಿನ ಕಂತಿಗೆ ಆಟಿ ಇಲ್ಲ. ‘ಮಾರಾಯ್ರೇ, ಬೋಟೇ ಹೋಗದಿದ್ರೆ ನಾನು ಐಸ್ ಯಾರಿಗೆ ಕೊಡುದು? ಕಂತು ಮಾತ್ರ ಐದನೇ ತಾರೀಕಿಗೆ ಸರಿಯಾಗಿ ಬರ್ತದೆ’ ಎಂದು ಒಬ್ಬ ಗಿರಾಕಿ ನನ್ನ ಮೇಜಿನ ಮುಂದೆ ಕೂತು ಹೇಳಿದ್ದರು. ಅವರ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಜೂನ್ 5ರ ಕಂತು ಕಟ್ಟಲಾಗಲಿಲ್ಲ ಎಂದುಕೊಳ್ಳಿ. ಜುಲೈಯದ್ದೂ ಇಲ್ಲ. ಐಸ್ ತಯಾರಿಸದಿದ್ದರೂ ಕರೆಂಟಿನ ಫಿಕ್ಸೆಡ್ ಚಾರ್ಜ್ ಬರುತ್ತಲೇ ಇರುತ್ತದೆ, ಬೇರೆ ಊರಿನಿಂದ ಬಂದ ಕೆಲಸದವರನ್ನು ಉಳಿಸಿಕೊಳ್ಳಲು ಅರ್ಧ ಸಂಬಳವನ್ನಾದರೂ ಕೊಡಬೇಕು. ಆಗಸ್ಟ್ ಮೊದಲ ವಾರ ಬೋಟುಗಳು ಹೊರಡುತ್ತವೆ, ಕಡಲು ಒಪ್ಪಿದರೆ. ಬೋಟಿನ ಯಜಮಾನನಿಗೆ ಮೊದಲು ಬರುವ ದುಡ್ಡು ಡೀಸೆಲಿಗೆ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಅಡ್ವಾನ್ಸಿಗೆ ಹೋಗುತ್ತದೆ. ಐಸಿನವನ ಸರದಿ ಬರುವಾಗ ತಿಂಗಳ ಕೊನೆ. ಅಷ್ಟರಲ್ಲಿ ಆಗಸ್ಟಿನ ಕಂತೂ ದಾಟಿರುತ್ತದೆ. ಸೆಪ್ಟೆಂಬರ್ ಮೊದಲ ವಾರಕ್ಕೆ ಜೂನಿನ ಕಂತಿಗೆ 90 ದಿನ ತುಂಬಿತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 90 ದಿನ ದಾಟಿದ ಬಾಕಿ ಎನ್‌ಪಿಎ, ಅಂದರೆ ಕೆಟ್ಟ ಸಾಲ.

ಗಮನಿಸಿ, ಮೀನಿನ ವ್ಯಾಪಾರ ವರ್ಷದಲ್ಲೇ ಜೋರಾಗಿ ಏಳುವ ಹೊತ್ತಿಗೆ ಸರಿಯಾಗಿ ಇವನ ಖಾತೆ ಬಿದ್ದುಹೋಗುತ್ತದೆ. ಇನ್ನು ಯಾವ ಬ್ಯಾಂಕೂ ಅವನ ಮಿತಿ ಹೆಚ್ಚಿಸುವುದಿಲ್ಲ. ಅವನು ಹೋಗುವುದು ದಿನಾ ಸಂಜೆ ಬಂದು ವಸೂಲಿ ಮಾಡುವ ಫೈನಾನ್ಸಿನವನ ಹತ್ತಿರ. ಬಡ್ಡಿ ಕಟ್ಟಿ ಉಳಿಯದ್ದಕ್ಕೆ ಇಬ್ಬರನ್ನು ಕೆಲಸದಿಂದ ಬಿಡಿಸುತ್ತಾನೆ. ಆ ಇಬ್ಬರು ಗೋವಾಕ್ಕೋ ಬೆಂಗಳೂರಿಗೋ ಬಸ್ ಹತ್ತುತ್ತಾರೆ. ಉದ್ಯೋಗ ನಾಶವಾಗುವುದು ಹೀಗೆ, ಸದ್ದಿಲ್ಲದೆ, ಒಂದು ಅಂಗಡಿಯಲ್ಲಿ ಇಬ್ಬರಂತೆ. ಯಾವ ಅಂಕಿಅಂಶದಲ್ಲೂ ಇದು ದಾಖಲಾಗುವುದಿಲ್ಲ, ಏಕೆಂದರೆ ಅವರು ಕೆಲಸದಲ್ಲಿದ್ದರು ಎಂಬುದೂ ದಾಖಲಾಗಿರಲಿಲ್ಲ.

ರೈತರ ಬೆಳೆ ಸಾಲಕ್ಕೆ ಈ 90 ದಿನದ ಲೆಕ್ಕ ಇಲ್ಲ ಎಂಬುದು ತಮಗೆ ತಿಳಿದದ್ದೇ. ಅಲ್ಪಾವಧಿ ಬೆಳೆಯಾದರೆ ಎರಡು ಬೆಳೆ ಹಂಗಾಮು ಕಳೆಯುವವರೆಗೆ ಬಾಕಿಯನ್ನು ಎನ್‌ಪಿಎ ಎನ್ನುವುದಿಲ್ಲ. ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ವಿಸ್ತರಿಸಿದ್ದಾರೆ. ಆದರೆ ಮೀನುಗಾರನ ಬೆನ್ನಿಗೆ ಬದುಕುವ ಐಸಿನವನು, ಟೆಂಪೋದವನು, ಬಲೆಯ ಅಂಗಡಿಯವನು ಬ್ಯಾಂಕಿನ ಪುಸ್ತಕದಲ್ಲಿ ಕೇವಲ ‘ವ್ಯಾಪಾರಿ’. ಅವನ ವರಮಾನವೂ ಹಂಗಾಮಿನದ್ದೇ ಎಂದು ಒಪ್ಪಿಕೊಳ್ಳುವುದಕ್ಕೆ ಏನು ಅಡ್ಡಿ?

ಇದಕ್ಕೆ ದೆಹಲಿಯಿಂದ ಹೊಸ ಯೋಜನೆ ಬರಬೇಕಾಗಿಲ್ಲ. ಸಾಲ ಮಂಜೂರು ಮಾಡುವ ಹೊತ್ತಿನಲ್ಲೇ ಕಂತಿನ ಪಟ್ಟಿಯನ್ನು ವರಮಾನದ ತಿಂಗಳುಗಳಿಗೆ ಹೊಂದಿಸಿ ಬರೆದರೆ ಮುಗಿಯಿತು. ಹನ್ನೆರಡರ ಬದಲು ಒಂಬತ್ತು ಕಂತು, ಸೆಪ್ಟೆಂಬರಿನಿಂದ ಮೇವರೆಗೆ, ಪ್ರತಿ ಕಂತು ಅದಕ್ಕೆ ತಕ್ಕಷ್ಟು ದೊಡ್ಡದು. ಬಡ್ಡಿ ಬ್ಯಾಂಕಿಗೆ ಬರುತ್ತದೆ, ಅಸಲೂ ಬರುತ್ತದೆ. ಮೊದಲೇ ಮಾಡದೆ ಸಾಲ ಕೆಟ್ಟ ಮೇಲೆ ಪಟ್ಟಿ ಬದಲಿಸಲು ಹೊರಟರೆ ಅದು ‘ರಿಸ್ಟ್ರಕ್ಚರ್’ ಆಗಿ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಆದ್ದರಿಂದ ಮೊದಲೇ ಮಾಡಬೇಕು. ಬ್ಯಾಂಕಿನ ಕೆಳಗಿನ ಅಧಿಕಾರಿ ತಾನಾಗಿ ಇದನ್ನು ಮಾಡಲಾರ, ಸಾಫ್ಟ್‌ವೇರಿನಲ್ಲಿ ತಿಂಗಳ ಕಂತೇ ಮೊದಲು ಬರುತ್ತದೆ, ಬದಲಿಸಿದರೆ ಮೇಲಿನವರು ಯಾಕೆ ಎಂದು ಕೇಳುತ್ತಾರೆ. ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ತಾವು ಕೂತು ‘ಮಲ್ಪೆ, ಗಂಗೊಳ್ಳಿ, ಹೆಜಮಾಡಿಯ ಕಡಲು ಅವಲಂಬಿತ ವ್ಯಾಪಾರಗಳಿಗೆ ಹೀಗೆ ಮಾಡೋಣ’ ಎಂದು ನಿರ್ಣಯ ಬರೆಸಿದರೆ ಅವರಿಗೂ ಧೈರ್ಯ ಬರುತ್ತದೆ.

ಬ್ಯಾಂಕಿನ ವಿಷಯ ಉಡುಪಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸಣ್ಣ ಹೆಮ್ಮೆ ನನಗೂ ಉಂಟು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಶುರು ಮಾಡಿದ್ದು ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು. ನಡೆಯುತ್ತಿದ್ದ ಕಸುಬಿಗೆ ನೆರವು, ನೋಡಿ. 1928ರಲ್ಲಿ ಅವರೇ ಪಿಗ್ಮಿ ಎಂಬ ದಿನದ ಉಳಿತಾಯ ತಂದರು. ದಿನಕ್ಕೆ ಎರಡಾಣೆ ಸಾಕು, ಬ್ಯಾಂಕಿನವನೇ ಅಂಗಡಿ ಬಾಗಿಲಿಗೆ ಬರುತ್ತಾನೆ. ದಿನವೂ ಬಂದವನಿಗೆ ಯಾವ ಅಂಗಡಿಯಲ್ಲಿ ವ್ಯಾಪಾರ ಏರಿತು, ಯಾವುದರಲ್ಲಿ ಇಳಿಯಿತು ಎಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ವಿಲೀನ ಸರಿಯೋ ತಪ್ಪೋ ಎಂಬ ಹಳೇ ಚರ್ಚೆ ಇಲ್ಲಿ ಬೇಡ. ಇಂದು ಶಾಖೆಯ ಮ್ಯಾನೇಜರಿಗೆ ನಮ್ಮ ಅಂಗಡಿ ಗೊತ್ತಾಗುವ ಹೊತ್ತಿಗೆ ವರ್ಗವಾಗಿರುತ್ತದೆ, ಮಂಜೂರು ಮಾಡುವವರು ಎಲ್ಲೋ ದೂರದಲ್ಲಿ ಕಾಗದ ಮಾತ್ರ ನೋಡಿ ಮಾಡುತ್ತಾರೆ. ಆ ಕಾಗದದಲ್ಲಿ ನಮ್ಮ ಅಂಗಡಿ ಕಾಣಿಸುವ ಹಾಗೆ ಮಾಡುವುದಷ್ಟೇ ಈಗ ನಮ್ಮ ಕೈಯಲ್ಲಿರುವುದು.

ಹೇಗೆ? ಪಿಗ್ಮಿ ಇನ್ನೂ ಬದುಕಿದೆ. ನಮ್ಮ ಸಹಕಾರಿ ಸಂಘಗಳ ಪಿಗ್ಮಿ ಏಜೆಂಟರು ಇವತ್ತೂ ಸಂಜೆ ಮೆಶಿನ್ ಹಿಡಿದು ಅಂಗಡಿ ಅಂಗಡಿಗೆ ಹೋಗುತ್ತಾರೆ. ಎರಡು ವರ್ಷದ ಪಿಗ್ಮಿ ಪುಸ್ತಕ ಎಂದರೆ ಆ ಅಂಗಡಿಯ ದಿನದಿನದ ನಾಡಿ. ಆಟಿಯಲ್ಲಿ ಎಷ್ಟಕ್ಕೆ ಇಳಿಯಿತು, ದೀಪಾವಳಿಗೆ ಎಷ್ಟಕ್ಕೆ ಏರಿತು, ಕೃಷ್ಣ ಮಠದ ಪರ್ಯಾಯ ಉತ್ಸವದ ಜನವರಿಯಲ್ಲಿ ಹೇಗಿತ್ತು, ಎಲ್ಲವೂ ಅದರಲ್ಲಿದೆ. ಅದನ್ನು ಸಾಲದ ಅರ್ಜಿಯೊಡನೆ ವರಮಾನದ ದಾಖಲೆ ಎಂದು ಸ್ವೀಕರಿಸಲು ಜಿಲ್ಲೆಯ ಬ್ಯಾಂಕುಗಳನ್ನು ಒಪ್ಪಿಸಬಹುದು. ಅದರ ಜತೆ ಕ್ಯೂಆರ್ ಕೋಡಿನ ಲೆಕ್ಕ. 2024ರ ಕೇಂದ್ರ ಬಜೆಟ್ಟಿನಲ್ಲೇ ಸರ್ಕಾರಿ ಬ್ಯಾಂಕುಗಳು ಸಣ್ಣ ಉದ್ಯಮಗಳ ಡಿಜಿಟಲ್ ವ್ಯವಹಾರ ನೋಡಿ ಸಾಲ ಅಳೆಯುವ ಹೊಸ ಪದ್ಧತಿ ತರಬೇಕೆಂದು ಹೇಳಲಾಗಿತ್ತು. ಮರುವರ್ಷ ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ಅತಿಸಣ್ಣ ಉದ್ಯಮಗಳಿಗೆ 5 ಲಕ್ಷ ಮಿತಿಯ ಕ್ರೆಡಿಟ್ ಕಾರ್ಡ್, ಮೊದಲ ವರ್ಷ 10 ಲಕ್ಷ ಕಾರ್ಡ್ ಎಂಬ ಘೋಷಣೆಯೂ ಬಂತು. ಅದರಲ್ಲಿ ಉಡುಪಿ ಜಿಲ್ಲೆಗೆ ಎಷ್ಟು ಬಂದವು? ಮುಂದಿನ ಪರಿಶೀಲನಾ ಸಭೆಯಲ್ಲಿ ತಾವು ಈ ಒಂದು ಪ್ರಶ್ನೆ ಕೇಳಿದರೆ ನನಗೆ ಸಂತೋಷ.

ಆದರೆ ಕ್ಯೂಆರ್ ಎಂದ ಕೂಡಲೇ ನಮ್ಮ ಅಂಗಡಿಯವರ ಮುಖ ಬಾಡುತ್ತದೆ. 2025ರ ಜುಲೈ ನೆನಪಿದೆಯಲ್ಲ. 2021-22ರಿಂದ ನಾಲ್ಕು ವರ್ಷದ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು ಎಂಬುದು ಕಾನೂನು, ಅದನ್ನು ನಾನೇ ದಿನಾ ಜನರಿಗೆ ಹೇಳುತ್ತೇನೆ. ಆದರೆ ಹಾಲು, ತರಕಾರಿ ಮಾರಿದ್ದು, ಅಣ್ಣ ಗಲ್ಫಿನಿಂದ ಮನೆಗೆಂದು ಕಳಿಸಿದ್ದು, ಚೀಟಿಯ ದುಡ್ಡು, ಎಲ್ಲವೂ ಒಂದೇ ಮೊತ್ತದಲ್ಲಿ ಸೇರಿ ಲಕ್ಷಗಟ್ಟಲೆ ತೆರಿಗೆ ಎಂದಾಗ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಗೋಡೆಗೆ ಬಂದವು. ಗಲಾಟೆಯಾದ ಮೇಲೆ ಹಳೇ ಬಾಕಿಗೆ ಒತ್ತಾಯವಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಿ ಎಂದು ಸರ್ಕಾರ ಹೇಳಿತು. ಚೀಟಿ ಹೋಯಿತು, ಹೆದರಿಕೆ ಹೋಗಲಿಲ್ಲ. ನನ್ನ ಗಿರಾಕಿಗಳು ಕೇಳುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ತಮ್ಮಲ್ಲಿದ್ದರೆ ತಿಳಿಸಿ: ಅದೇ ಯುಪಿಐ ಲೆಕ್ಕ ನೋಟಿಸ್ ಕೊಡಲು ಸಾಕ್ಷಿಯಾಗುತ್ತದೆ, ಸಾಲ ಕೊಡಲು ಯಾಕೆ ಸಾಕ್ಷಿಯಾಗುವುದಿಲ್ಲ? ಲೆಕ್ಕ ತೋರಿಸಿದವನಿಗೆ ಒಂದಾದರೂ ಲಾಭ ಕಾಣಬೇಕು. ನೋಂದಣಿ ಮಾಡಿಕೊಂಡು ಒಂದು ವರ್ಷ ಸರಿಯಾಗಿ ರಿಟರ್ನ್ ಹಾಕಿದವನಿಗೆ ಇಷ್ಟು ಮಿತಿಯ ಸಾಲ ಖಂಡಿತ ಎಂದು ಜಿಲ್ಲೆಯಲ್ಲಿ ಹೇಳುವ ಹಾಗಾದರೆ, ತೆರಿಗೆ ಇಲಾಖೆ ಬೀದಿ ಬೀದಿಯಲ್ಲಿ ಜಾಗೃತಿ ಶಿಬಿರ ಮಾಡಬೇಕಾಗುವುದಿಲ್ಲ.

ಇನ್ನು ನೇರವಾಗಿ ಉದ್ಯೋಗಕ್ಕೆಂದೇ ಬಂದ ಯೋಜನೆಯ ಮಾತು. 2025ರ ಆಗಸ್ಟ್ 1ರಿಂದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಜಾರಿಯಲ್ಲಿದೆ, 2027ರ ಜುಲೈವರೆಗೆ. ಸುಮಾರು ಒಂದು ಲಕ್ಷ ಕೋಟಿಯ ಯೋಜನೆ. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ 15,000 ರೂಪಾಯಿವರೆಗೆ, ಹೊಸಬರನ್ನು ಸೇರಿಸಿಕೊಂಡ ಮಾಲೀಕರಿಗೆ ತಲೆಗೆ ತಿಂಗಳಿಗೆ 3,000ದವರೆಗೆ. ಎಲ್ಲವೂ ಪಿಎಫ್ ಖಾತೆಯ ಮೂಲಕ. ಪಿಎಫ್ ಕಾನೂನು ಕಡ್ಡಾಯವಾಗುವುದು 20 ಜನ ಇರುವಲ್ಲಿ. ನನ್ನ ಗಿರಾಕಿಗಳಲ್ಲಿ 20 ಜನ ಇರುವವರು ಒಬ್ಬರೂ ಇಲ್ಲ. ಇಷ್ಟಪಟ್ಟು ಸೇರಬಹುದು, ಸರಿ. ಸೇರಿದರೆ ಲೆಕ್ಕ ಹೇಗೆ? ನಾಲ್ಕು ಜನ ಇರುವ ಬೇಕರಿ, ತಲಾ 15,000 ಸಂಬಳ. 50 ಜನಕ್ಕಿಂತ ಕಡಿಮೆ ಇರುವಲ್ಲಿ ಕನಿಷ್ಠ ಇಬ್ಬರು ಹೊಸಬರನ್ನು ತೆಗೆದುಕೊಳ್ಳಬೇಕು, ಅಂದರೆ ನಾಲ್ಕು ಜನರ ಅಂಗಡಿ ಒಂದೇಟಿಗೆ ಒಂದೂವರೆ ಪಟ್ಟು ಆಗಬೇಕು. ಮಾಲೀಕನ ಪಾಲು ಶೇ. 12ರಂತೆ ಆರು ಜನಕ್ಕೆ ತಿಂಗಳಿಗೆ 10,800. ಹೊಸ ಇಬ್ಬರಿಗೆ ಪ್ರೋತ್ಸಾಹಧನ ಸಿಕ್ಕೀತು ಎಂದೇ ಇಟ್ಟುಕೊಳ್ಳಿ, ಈ ಸಂಬಳಕ್ಕೆ ತಲಾ 2,000ದಂತೆ 4,000. ಲೆಕ್ಕ ಬರೆಯುವವನಾಗಿ ನಾನು ಆ ಬೇಕರಿಯವರಿಗೆ ಏನು ಹೇಳಲಿ?

ಪಿಎಫ್ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕರಿಯಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತು ಕೊನೆಗೆ ಬರಿಗೈಯಲ್ಲಿ ಮನೆಗೆ ಹೋದವರನ್ನು ನಾವೆಲ್ಲ ಬಲ್ಲೆವು. ಅದಕ್ಕೇ ಕೇಳುವುದು, 20 ಜನಕ್ಕಿಂತ ಕಡಿಮೆ ಇರುವ ಅಂಗಡಿ ತಾನಾಗಿ ಪಿಎಫ್‌ಗೆ ಬಂದರೆ ಮೊದಲ ಎರಡು ವರ್ಷ ಮಾಲೀಕನ ಪಾಲಿನಲ್ಲಿ ಅರ್ಧವನ್ನಾದರೂ ರಾಜ್ಯ ಸರ್ಕಾರ ಹೊರಲಿ. ಕೆಲಸವೂ ದಾಖಲಾಗುತ್ತದೆ, ಕೆಲಸಗಾರನಿಗೂ ಏನಾದರೂ ಉಳಿಯುತ್ತದೆ.

ಯುವನಿಧಿಯ ಬಗ್ಗೆಯೂ ಒಂದು ಮಾತು. ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಗ್ಯಾರಂಟಿಗಳನ್ನು ಬೈಯುವುದು ಈಗ ಪೇಟೆಯಲ್ಲಿ ಫ್ಯಾಷನ್, ನಾನು ಆ ಸಾಲಿನಲ್ಲಿ ಇಲ್ಲ. ಗೃಹಲಕ್ಷ್ಮಿಯ 2,000 ಬಿದ್ದ ವಾರ ದಿನಸಿ ಅಂಗಡಿಯ ಲೆಕ್ಕದಲ್ಲಿ ಅದು ಕಾಣುತ್ತದೆ, ಬರೆಯುವವನಿಗೆ ಗೊತ್ತು. ಯುವನಿಧಿಯ ತೊಂದರೆ ಏನೆಂದರೆ ಕೆಲಸಕ್ಕೆ ಸೇರಿದ ಕೂಡಲೇ ಅದು ನಿಲ್ಲುತ್ತದೆ. ಆಟೊಮೊಬೈಲ್ ಡಿಪ್ಲೊಮಾ ಮಾಡಿದ ಹುಡುಗ ಗ್ಯಾರೇಜಿಗೆ ಬಂದರೆ ಮೊದಲ ಆರು ತಿಂಗಳು ಕಲಿಯುವುದೇ ಕೆಲಸ, ಯಜಮಾನ ಪೂರ್ತಿ ಸಂಬಳ ಕೊಡಲಾರ. ಅಪ್ರೆಂಟಿಸ್ ಕಾನೂನಿನ ಪ್ರಕಾರ ನಾಲ್ಕು ಜನ ಇರುವ ಅಂಗಡಿಯೂ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು, ಸ್ಟೈಪೆಂಡಿನ ಕಾಲು ಭಾಗವನ್ನು 1,500 ರೂಪಾಯಿ ಮಿತಿಯಲ್ಲಿ ಕೇಂದ್ರ ಕೊಡುತ್ತದೆ. ನಮ್ಮ ಜಿಲ್ಲೆಯ ಗ್ಯಾರೇಜು, ಪ್ರೆಸ್ಸು, ವರ್ಕ್‌ಶಾಪಿನವರಿಗೆ ಇದು ಗೊತ್ತೇ ಇಲ್ಲ. ಯುವನಿಧಿಯ ದುಡ್ಡು ಹುಡುಗನ ಜತೆ ಅಂಗಡಿಗೆ ಬರುವ ಹಾಗೆ, ಅಪ್ರೆಂಟಿಸ್ ಅವಧಿಯಲ್ಲೂ ನಿಲ್ಲದ ಹಾಗೆ ಮಾಡಿದರೆ ಅವನು ಮನೆಯಲ್ಲಿ ಕೂತು ಪರೀಕ್ಷೆಗಳ ಅಧಿಸೂಚನೆ ಕಾಯುವುದು ಸ್ವಲ್ಪವಾದರೂ ಕಡಿಮೆಯಾದೀತು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆ ತೆರೆಯಿತು. ತರಬೇತಿ ಕೊಟ್ಟು ಕೈಬಿಡದೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಆ ಮಾದರಿಯ ಜೀವಾಳ. ಬ್ರಹ್ಮಾವರದಲ್ಲೂ ಅದರ ಕೇಂದ್ರವಿದೆ. ಉಳಿದ ಯೋಜನೆಗಳು ಕಲಿಯಬೇಕಾದದ್ದು ಆ ಎರಡು ವರ್ಷವನ್ನು.

ಬೀದಿ ವ್ಯಾಪಾರಿಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿನ ಸಾಲ ಈಗ 15,000. ಸಾಲ ಕೊಟ್ಟ ಗಾಡಿಯನ್ನೇ ಸ್ಥಳೀಯ ಆಡಳಿತ ಲಾರಿಗೆ ಹಾಕಿಕೊಂಡು ಹೋದರೆ ಕಂತು ಕಟ್ಟುವವರು ಯಾರು? 2014ರ ಕಾಯ್ದೆ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸಬಾರದು ಎನ್ನುತ್ತದೆ. ಅದನ್ನು ಪಾಲಿಸಿದರೆ ಸಾಕು.

ಕೊನೆಯದಾಗಿ, ತಮಗೆ ಸ್ವಲ್ಪ ಮುಜುಗರವಾಗಬಹುದಾದ ವಿಷಯ. ಸಣ್ಣ ಉದ್ಯಮಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕಾಯ್ದೆ ಹೇಳುತ್ತದೆ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಉಂಟು. ನನ್ನ ಗಿರಾಕಿ ಒಬ್ಬರದ್ದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಒಂದು ಸರ್ಕಾರಿ ಕಚೇರಿಗೆ ಫಾರಂ, ರಿಜಿಸ್ಟರ್, ಬ್ಯಾನರ್ ಮಾಡಿಕೊಟ್ಟರು. ಹಣಕಾಸು ವರ್ಷ ಮುಗಿಯಿತು, ಅನುದಾನ ವಾಪಸ್ ಹೋಯಿತು, ಹೊಸದು ಬರಲಿ ಎಂದರು, ಬಂದಾಗ ಬೇರೆ ಬಿಲ್ಲು ಮೊದಲಾಯಿತು. ಕಾಗದ ತಂದವನಿಗೆ, ಇಂಕಿನವನಿಗೆ ಇವರು ಅಷ್ಟು ದಿನ ಕಾಯಿ ಎನ್ನಲಾಗುತ್ತದೆಯೇ? ನಾನು ಪೋರ್ಟಲಿನಲ್ಲಿ ದೂರು ಹಾಕೋಣವೇ ಎಂದೆ. ‘ಬೇಡ ಸರ್, ಇವತ್ತು ಕೇಸು ಹಾಕಿದ್ರೆ ನಾಳೆಯಿಂದ ಆರ್ಡರೇ ಇಲ್ಲ’ ಎಂದರು. ಕಾನೂನು ಇರುವುದು ಇಂಥವರಿಗಾಗಿ, ಬಳಸಲಾಗದವರೂ ಇವರೇ. ಇನ್ನೊಂದು ಸಿಕ್ಕು ಉಂಟು. 2021ರಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಟ್ಟರು, ಆದರೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಹೋಟೆಲಿಗೆ ದಿನಸಿ ಹಾಕುವವನು ಉದ್ಯಮ್ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿರುತ್ತಾನೆ, 45 ದಿನದ ರಕ್ಷಣೆ ತನಗಿಲ್ಲ ಎಂದು ಅವನಿಗೆ ತಿಳಿಯುವುದು ದುಡ್ಡು ಮುಳುಗಿದ ಮೇಲೆ.

ಖಾಸಗಿಯವರನ್ನು ಸರಿ ಮಾಡುವುದು ಕಷ್ಟ. ಆದರೆ ಜಿಲ್ಲೆಯ ಸರ್ಕಾರಿ ಕಚೇರಿಗಳು, ಸ್ಥಳೀಯ ಸಂಸ್ಥೆಗಳು ಸಣ್ಣ ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಎಷ್ಟು, ಎಷ್ಟು ದಿನದ್ದು ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ತರಿಸಿಕೊಳ್ಳುವುದು ತಮಗೆ ಕಷ್ಟವಲ್ಲ. ವ್ಯಾಪಾರಿ ದೂರು ಕೊಡಬೇಕಾಗಿಲ್ಲ, ಹೆಸರು ಬಯಲಾಗಬೇಕಾಗಿಲ್ಲ. ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಆ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಅರ್ಧ ಬಿಲ್ಲು ಮರುದಿನವೇ ಪಾಸಾಗುತ್ತದೆ. ನಮ್ಮ ಅಧಿಕಾರಿಗಳನ್ನು ನಾವು ಅಷ್ಟು ಬಲ್ಲೆವು. ಅದೇ ಸಭೆಯಲ್ಲಿ ಕೈಗಾರಿಕಾ ಕೇಂದ್ರದವರು ಹೊಸ ಘಟಕಗಳ ಪಟ್ಟಿ ತಂದಾಗ, ಮೂರು ವರ್ಷದ ಹಿಂದೆ ಸಬ್ಸಿಡಿ ಪಡೆದ ಘಟಕಗಳಲ್ಲಿ ಇಂದು ಎಷ್ಟು ಬಾಗಿಲು ತೆರೆದಿವೆ, ಅಲ್ಲಿ ಎಷ್ಟು ಜನ ಸಂಬಳ ಪಡೆಯುತ್ತಿದ್ದಾರೆ ಎಂಬ ಇನ್ನೊಂದು ಪಟ್ಟಿಯನ್ನೂ ಕೇಳಿ.

ಇವುಗಳಲ್ಲಿ ಕೆಲವಕ್ಕೆ ಬೆಂಗಳೂರು, ದೆಹಲಿಯ ಒಪ್ಪಿಗೆ ಬೇಕು ಎಂದು ನನಗೂ ಗೊತ್ತು. ಪಿಎಫ್ ಪಾಲು, ಯುವನಿಧಿಯ ತಿದ್ದುಪಡಿ ಜಿಲ್ಲೆಯಲ್ಲಿ ಆಗುವಂಥದ್ದಲ್ಲ, ತಾವು ಸಂಪುಟದಲ್ಲಿ ಎತ್ತಬೇಕಾದದ್ದು. ಆದರೆ ಕಂತಿನ ಪಟ್ಟಿ, ಪಿಗ್ಮಿ ಪುಸ್ತಕ, ಬಾಕಿ ಬಿಲ್ಲು, ಈ ಮೂರೂ ಇಲ್ಲೇ ಆಗುತ್ತವೆ. ಅದರಲ್ಲೂ ಕಂತಿನ ವಿಷಯ ಬ್ಯಾಂಕರುಗಳ ಸಭೆಯಲ್ಲಿ ಏಪ್ರಿಲ್ ಒಳಗೆ ತೀರ್ಮಾನವಾಗಬೇಕು, ಮೇಯಲ್ಲಿ ಶಾಖೆಗಳಿಗೆ ಸುತ್ತೋಲೆ ತಲುಪಬೇಕು. ಜೂನ್ 1 ದಾಟಿದ ಮೇಲೆ ಬಂದರೆ ಮಲ್ಪೆಯವರಿಗೆ ಆ ವರ್ಷಕ್ಕೆ ಅದರಿಂದ ಪ್ರಯೋಜನವಿಲ್ಲ.

ಇತಿ ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ಲೆಕ್ಕಪತ್ರ ಬರೆಯುವವ